ಯಜಮಾನರ ಹೆಸರು

ಅಷ್ಟೆಲ್ಲ ಅನಾಹುತಕ್ಕೂ ಕಾರಣ ಒಂದೇ ಒಂದು ಪದ. ಅದನ್ನು ಆರಿಸಲು ಪಾಸ್‌ವರ್ಡಪ್ಪ ತೆಗೆದುಕೊಂಡದ್ದು ಹೆಚ್ಚೆಂದರೆ ಅರ್ಧ ನಿಮಿಷ. ಆಮೇಲೆ ಅದು ಅವನನ್ನು ಇಡೀ ದಿನ ಓಡಾಡಿಸಿತು.

ಪಾಸ್‌ವರ್ಡಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರುಗಳ ಕಷ್ಟಸುಖ ವಿಚಾರಿಸುವವನು ಅವನೊಬ್ಬನೇ. ದಿನ ಬೆಳಗಾದರೆ ಯಾರಾದರೊಬ್ಬರು ಬಾಗಿಲಲ್ಲಿ ತಲೆ ತೂರಿಸಿ, "ಪಾಸ್‌ವರ್ಡು ಮರೆತುಹೋಯ್ತಪ್ಪಾ" ಎನ್ನುತ್ತಿದ್ದರು. ಹೀಗೆ ಹೇಳಿ ಹೇಳಿ ಎರಡೂ ಪದ ಅಂಟಿಕೊಂಡು ಅವನ ಹೆಸರೇ ಆಗಿಹೋಯಿತು.

ಅವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ವರ್ಗಾವಣೆ. ಹೆಂಡತಿಗೂ ಇದೇ ಇಲಾಖೆಯಲ್ಲೇ ಕೆಲಸ, ಆದರೆ ಶಾಖೆ ಬೇರೆ, ಊರು ಬೇರೆ. ನಡುವೆ ಆರು ಗಂಟೆಯ ಬಸ್ ಪ್ರಯಾಣ. ಇವನು ಇಲ್ಲೊಂದು ಬಾಡಿಗೆ ಕೋಣೆಯಲ್ಲಿ, ಅವಳು ಅಲ್ಲಿ ಐದು ವರ್ಷದ ಮಗಳ ಜೊತೆ. ಮೊನ್ನೆ ಶಾಲೆಯಲ್ಲಿ ಟೀಚರು, "ನಿಮ್ಮಪ್ಪ ಎಲ್ಲಿದ್ದಾರೆ ಪುಟ್ಟಿ?" ಅಂತ ಕೇಳಿದ್ದಕ್ಕೆ ಮಗು, "ಫೋನಲ್ಲಿದ್ದಾರೆ" ಅಂದಿತಂತೆ. ಹೆಂಡತಿ ಅದನ್ನು ನಗುತ್ತಾ ಹೇಳಿದಳು, ಇವನೂ ನಕ್ಕ. ಫೋನ್ ಇಟ್ಟವನೇ ಇನ್ನೊಂದು ವರ್ಗಾವಣೆ ಅರ್ಜಿ ಬರೆಯಲು ಕೂತ.

ಮೂರು ವರ್ಷದಿಂದ ಅರ್ಜಿ ಕೊಟ್ಟೂ ಕೊಟ್ಟೂ ಸುಸ್ತಾಗಿದ್ದವನಿಗೆ, ಹೊಸದಾಗಿ ಬಂದ ಚೀಫ್ ಮೇಡಂ ಒಂದು ಮಾತು ಕೊಟ್ಟಿದ್ದರು.

"ನೋಡ್ರೀ, ಆ ಶಾಖೆಯ ಪಟ್ಟಿಗಳಿಗೆ ಹೇಳೋರು ಕೇಳೋರು ಯಾರೂ ಇಲ್ಲ. ಆ ಒಂದೇ ಕಾರಣಕ್ಕೆ ಅಲ್ಲಿಗೆ ನಿಮ್ಮನ್ನ ಹಾಕಬಹುದು. ಮೊದಲು ಆ ಕ್ಯಾಟಲಾಗ್ ಎದ್ದು ನಿಲ್ಲಲಿ. ನಾಳೆ ನಾಲ್ಕು ಗಂಟೆಗೆ ಬಂದು ನೋಡ್ತೀನಿ. ನಿಂತಿದ್ರೆ ಅಲ್ಲೇ ಸಹಿ."

ಕ್ಯಾಟಲಾಗ್ ಎಂದರೇನು ಅಂತ ಕೇಳುತ್ತೀರಿ. ಗ್ರಂಥಾಲಯದಲ್ಲಿ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೇಳುವ ಕಾರ್ಡುಗಳಿರುತ್ತವಲ್ಲ, ಹಾಗೆ. ಈ ಕಚೇರಿಯ ಕಂಪ್ಯೂಟರುಗಳಲ್ಲಿ, ಐದೂ ಶಾಖೆ ಸೇರಿ, ನಾನೂರ ಹನ್ನೆರಡು ಪಟ್ಟಿಗಳಿದ್ದವು. ನಲ್ಲಿಗಳ ಪಟ್ಟಿ, ಪೈಪುಗಳ ಪಟ್ಟಿ, ದೂರುಗಳ ಪಟ್ಟಿ, ಟ್ಯಾಂಕರುಗಳ ಪಟ್ಟಿ. ಯಾವುದು ಎಲ್ಲಿದೆ, ಅದರ ಒಂದೊಂದು ಕಾಲಂಗೆ ಅರ್ಥವೇನು, ಅದರ ಅಂಕಿ ಎಲ್ಲಿಂದ ಹುಟ್ಟಿ ಎಲ್ಲಿಗೆ ಹರಿದುಹೋಗುತ್ತದೆ, ಅದಕ್ಕೆ ದಿಕ್ಕುದೆಸೆ ಯಾರು, ಇಷ್ಟನ್ನೂ ಒಂದೇ ಪರದೆಯ ಮೇಲೆ ತೋರಿಸುವುದು ಈ ಕ್ಯಾಟಲಾಗಿನ ಕೆಲಸ.

"ಎಲ್ಲಾ ನಮ್ಮ ಭಾಷೆಯಲ್ಲೇ ಇರಲಿ" ಎಂದು ಮೇಡಂ ಬೇರೆ ಹೇಳಿದ್ದರು. ಪಾಸ್‌ವರ್ಡಪ್ಪ ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಬಂದು ಪರದೆಯ ಮೇಲಿನ ಪದಗಳನ್ನೆಲ್ಲ ಒಂದೊಂದಾಗಿ ಬದಲಾಯಿಸುತ್ತಾ ಹೋದ. ‘ಓನರ್’ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ‘ಮಾಲೀಕ’ ಎಂದರೆ ಬಾಡಿಗೆ ಕೇಳಲು ಬಂದವನ ಹಾಗಿದೆ. ‘ಒಡೆಯ’ ಎಂದರೆ ಸೊಂಟಕ್ಕೊಂದು ಕತ್ತಿ ಬೇಕಾಗುತ್ತದೆ. ‘ಹೊಣೆಗಾರ’ ಎಂದುಬಿಟ್ಟರೆ ಮುಗಿದೇ ಹೋಯಿತು, ಈ ಕಚೇರಿಯಲ್ಲಿ ನರಪಿಳ್ಳೆಯೂ ಹೆಸರು ಕೊಡುವುದಿಲ್ಲ. ಹಾಗಾದರೆ ‘ಯಜಮಾನರು’! ಆಹಾ, ಗೌರವಕ್ಕೆ ಗೌರವ, ಗಾಂಭೀರ್ಯಕ್ಕೆ ಗಾಂಭೀರ್ಯ. ತನ್ನ ಬುದ್ಧಿಗೆ ತಾನೇ ತಲೆದೂಗಿ, ಮೂರು ಸಾಲಿನ ಒಂದು ಫಾರಂ ಮಾಡಿ, ಎಲ್ಲ ವಿಭಾಗಗಳಿಗೂ ಶಾಖೆಗಳಿಗೂ ಕಂಪ್ಯೂಟರಿನಲ್ಲೇ ಕಳಿಸಿದ. ‘ಪ್ರತಿ ಪಟ್ಟಿಗೂ ಬರೆಯಿರಿ: ಯಜಮಾನರ ಹೆಸರು. ಯಜಮಾನರ ಫೋನ್ ನಂಬರು. ವಿವರಣೆ, ಇದ್ದರೆ.’

ತುಂಬಿದ ಫಾರಂಗಳು ಬಂದು ನೇರವಾಗಿ ಯಂತ್ರದೊಳಗೇ ಸೇರಿಕೊಳ್ಳುವಂತೆ ಮಾಡಿದ್ದರಿಂದ ಅವನ್ನು ಬಿಚ್ಚಿ ನೋಡುವ ಕೆಲಸ ಅವನಿಗಿರಲಿಲ್ಲ. ನೋಡಲು ಪುರುಸೊತ್ತೂ ಇರಲಿಲ್ಲ ಅನ್ನಿ.

ಏಕೆಂದರೆ ಕ್ಯಾಟಲಾಗ್ ಬಂದಿದ್ದು ಐದು ಕಂಟೇನರುಗಳಲ್ಲಿ. ಕಂಟೇನರ್ ಎಂದರೆ ತಗಡಿನ ಡಬ್ಬವಲ್ಲ, ಕಣ್ಣಿಗೆ ಕಾಣದ ಪೆಟ್ಟಿಗೆ. ಒಂದೊಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಕಲ ಸರಂಜಾಮಿನ ಸಮೇತ ಒಂದೊಂದು ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸಿರುತ್ತಾರೆ. ಯಾವ ಊರಿನ ಯಾವ ಕಂಪ್ಯೂಟರಿನ ಮೇಲಿಟ್ಟು ಎಬ್ಬಿಸಿದರೂ ಒಳಗಿನ ಸಂಸಾರ ಇದ್ದ ಹಾಗೇ ಎದ್ದು ಕೂರುತ್ತದೆ. ಒಂದು ಪೆಟ್ಟಿಗೆ ವಿವರಗಳನ್ನು ಕೂಡಿಡುವುದು, ಇನ್ನೊಂದು ಹುಡುಕಿಕೊಡುವುದು, ಮತ್ತೊಂದು ಸುದ್ದಿ ಸಾಗಿಸುವುದು, ನಾಲ್ಕನೆಯದು ಮೂಲೆಮೂಲೆಯ ಪಟ್ಟಿಗಳನ್ನು ಹೆಕ್ಕಿ ತರುವುದು, ಐದನೆಯದು ಎಲ್ಲವನ್ನೂ ಪರದೆಯ ಮೇಲೆ ಚಂದ ಮಾಡಿ ತೋರಿಸುವುದು. ಇದನ್ನು ಯೋಚಿಸಿದ ಪುಣ್ಯಾತ್ಮರು ಯಾರಿರಬಹುದು ಅಂತ ಪಾಸ್‌ವರ್ಡಪ್ಪನಿಗೆ ಪ್ರತಿ ಸಲವೂ ಬೆರಗಾಗುತ್ತಿತ್ತು.

ಆಜ್ಞೆ ಕೊಟ್ಟ. ನಾಲ್ಕು ಪೆಟ್ಟಿಗೆ ಎದ್ದವು. ಹುಡುಕುವ ಪೆಟ್ಟಿಗೆ ಮಾತ್ರ ಏಳುತ್ತಿತ್ತು, ಇದ್ದಬದ್ದ ಮೆಮೊರಿಯನ್ನೆಲ್ಲ ಗುಳುಂ ಮಾಡುತ್ತಿತ್ತು, ಜಾಗ ಸಾಲದೆ ಧೊಪ್ಪನೆ ಬೀಳುತ್ತಿತ್ತು. ಅದು ಬಿದ್ದದ್ದನ್ನು ನೋಡಿ ಹೆಕ್ಕುವ ಪೆಟ್ಟಿಗೆಯೂ ಬೀಳುತ್ತಿತ್ತು. ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಇದೇ ಎದ್ದುಬೀಳಾಟ. ಇಷ್ಟು ದೊಡ್ಡ ಯಂತ್ರದಲ್ಲಿ ಮೆಮೊರಿಯನ್ನು ಯಾರು ತಿನ್ನುತ್ತಿದ್ದಾರೆ ಎಂದು ಕೆದಕಿ ನೋಡಿದರೆ, ಕೆಳಗೆ ಸಂದರ್ಶಕರ ಹಾಲ್‌ನಲ್ಲಿ ದೊಡ್ಡ ಟಿವಿಯ ಮೇಲೆ ಹಗಲಿಡೀ ಓಡುವ ಕಾರಂಜಿಯ ಚಿತ್ರ ಇದೇ ಯಂತ್ರದಿಂದ ಓಡುತ್ತಿತ್ತು! ಪಾಸ್‌ವರ್ಡಪ್ಪ ಹಲ್ಲು ಕಚ್ಚಿ ಅದನ್ನು ನಿಲ್ಲಿಸಿದ. ಎರಡೇ ನಿಮಿಷಕ್ಕೆ ಕಾವಲುಗಾರ ಏದುಸಿರು ಬಿಡುತ್ತಾ ಮೇಲೆ ಬಂದ.

"ಸಾರ್, ಕಾರಂಜಿ ನಿಂತೋಯ್ತು!"

"ನಿಲ್ಲಲಿ ಬಿಡಿ."

"ನೀರಿನ ಇಲಾಖೇಲಿ ಟಿವಿಯಲ್ಲೂ ನೀರಿಲ್ಲ ಅಂದ್ರೆ ಜನ ಏನಂತಾರೆ ಸಾರ್?"

ಅವನಿಗೆ ಉತ್ತರ ಕೊಡುವಷ್ಟರಲ್ಲಿ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಹೊತ್ತಿತು. ಆಮೇಲೆ ಎರಡು. ಮೂರು. ನಾಲ್ಕು. ಐದನೆಯದು ಸ್ವಲ್ಪ ಮಿಟುಕಿ, ಅನುಮಾನಿಸಿ, ಕೊನೆಗೂ ನಿಂತಿತು. ನಾನೂರ ಹನ್ನೆರಡು ಪಟ್ಟಿಗಳು ಒಂದೊಂದಾಗಿ ಬಂದು ಪರದೆಯ ಮೇಲೆ ಚುಕ್ಕೆಗಳಾದವು, ಚುಕ್ಕೆಯಿಂದ ಚುಕ್ಕೆಗೆ ಗೆರೆಗಳು ಓಡಿದವು. ಎಲ್ಲೋ ಒಬ್ಬಳು ಗೃಹಿಣಿ ನಲ್ಲಿ ಸೋರುತ್ತಿದೆ ಎಂದು ಬರೆಸಿದ ದೂರು ಒಂದು ಗೆರೆಯಾಗಿ ಹೊರಟು, ವಾಲ್ವಿನವನ ಪಟ್ಟಿಗೆ ಹೋಗಿ, ಅಲ್ಲಿಂದ ಪೈಪಿನ ಪಟ್ಟಿಗೆ, ಅಲ್ಲಿಂದ ಮೇಡಂ ಮೇಜಿನ ವರದಿಗೆ ಮುಟ್ಟುತ್ತಿತ್ತು. ಹನ್ನೊಂದು ವರ್ಷ ಈ ಕಟ್ಟಡದಲ್ಲಿ ಕೆಲಸ ಮಾಡಿದ್ದ ಪಾಸ್‌ವರ್ಡಪ್ಪ ಕಟ್ಟಡದ ನರನಾಡಿಗಳನ್ನು ಇವತ್ತೇ ಕಂಡದ್ದು. ಅವನ ಕಣ್ಣು ತುಂಬಿಬಂತು.

ಕಾವಲುಗಾರ ಬಗ್ಗಿ ನೋಡಿ, "ಅಬ್ಬಬ್ಬಾ! ಕಾರಂಜಿಗಿಂತ ಇದೇ ಚೆನ್ನಾಗಿದೆ ಸಾರ್" ಎಂದು ಹೇಳಿ ಇಳಿದುಹೋದ.

ಒಂದೇ ಕೊರತೆ. ಈ ಕಚೇರಿಯ ಪಟ್ಟಿಗಳಲ್ಲಿ ಮುಕ್ಕಾಲುಪಾಲಿಗೆ ವಿವರಣೆಯ ಜಾಗ ಖಾಲಿ. ಮೂರು ವಾರದಿಂದ ಎಲ್ಲರ ಹಿಂದೆ ಬಿದ್ದು ಬೇಡಿದ್ದ. "ಅದರಲ್ಲಿ ಬರೆಯೋದೇನಿದೆ? ಅದು ಅದೇ!" ಎಂಬುದೇ ಎಲ್ಲರ ಉತ್ತರ. ಈಗ ಅವನ ಕೈಗೊಂದು ಬ್ರಹ್ಮಾಸ್ತ್ರ ಸಿಕ್ಕಿತ್ತು. ಕ್ಯಾಟಲಾಗಿನಲ್ಲಿ ‘ಯಜಮಾನರಿಗೆ ತಿಳಿಸು’ ಎಂಬ ಗುಂಡಿಯಿತ್ತು. ವಿವರಣೆ ಇಲ್ಲದ ಪಟ್ಟಿ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಅದು ತಾನಾಗಿಯೇ ಸಂದೇಶ ಕಳಿಸುತ್ತದೆ. ಪಾಸ್‌ವರ್ಡಪ್ಪ ಗುಂಡಿ ಒತ್ತಿ, ನೆಮ್ಮದಿಯಾಗಿ ಚಹಾ ಕುಡಿಯಲು ಹೋದ.

ಒಂದೂ ಮುಕ್ಕಾಲಿಗೆ ಮೊದಲನೆಯವನು ಬಂದ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ಕಿವಿಯ ಮೇಲೆ ಸೀಮೆಸುಣ್ಣ. ದರ್ಜಿ. ಮುಖ ಬಿಳಿಚಿಕೊಂಡಿತ್ತು.

"ಸಾರ್, ಇದನ್ನ ಕಳಿಸಿದ್ದು ನೀವಾ?" ಎಂದು ಫೋನ್ ಚಾಚಿದ.

ಪಾಸ್‌ವರ್ಡಪ್ಪ ಓದಿದ. ‘ಮಾನ್ಯ ಯಜಮಾನರೇ, ಅಕ್ರಮ ಸಂಪರ್ಕಗಳು: ನಿಮ್ಮ ಹೆಸರಿನಲ್ಲಿ ಒಟ್ಟು ನಲವತ್ತೇಳು. ಯಾವುದಕ್ಕೂ ವಿವರಣೆ ಇಲ್ಲ. ಇಂದು ನಾಲ್ಕು ಗಂಟೆಯೊಳಗೆ ವಿವರಣೆ ನೀಡಿ.’

"ನಲವತ್ತೇಳಾ!" ದರ್ಜಿ ಫೋನಿನತ್ತ ಬೆರಳು ತೋರಿಸಿದ. "ದೇವರಾಣೆ ಸಾರ್, ಒಂದೂ ಇಲ್ಲ. ಮದುವೆಗೆ ಮುಂಚೆ ಒಂದ್ಸಲ ಒಬ್ಬಳಿಗೆ ಕಾಗದ ಬರೆದಿದ್ದೆ, ಅದಕ್ಕೂ ಉತ್ತರ ಬರಲಿಲ್ಲ. ನನ್ನ ಹೆಂಡ್ತಿ ಇಲ್ಲೇ ಕೆಲಸ ಮಾಡೋದು, ಅವಳಿಗೆ ಗೊತ್ತಾದ್ರೆ..."

"ನಿಮ್ಮ ಹೆಂಡ್ತಿ ಯಾರು?"

"ಸಂಪರ್ಕ ವಿಭಾಗದ ಮೇಡಂ."

ಪಾಸ್‌ವರ್ಡಪ್ಪ ದಡಕ್ಕನೆ ಎದ್ದ. ಓಡಿಹೋಗಿ ಫಾರಂಗಳನ್ನು ತೆರೆದು ನೋಡಿದ. ‘ಅಕ್ರಮ ನೀರಿನ ಸಂಪರ್ಕಗಳ ಪಟ್ಟಿ. ಯಜಮಾನರ ಹೆಸರು’ ಎಂಬಲ್ಲಿ ದರ್ಜಿಯ ಹೆಸರು! ಕೆಳಗೆ ನೋಡಿದ. ದೂರು ವಿಭಾಗದ ಅಕ್ಕ ತನ್ನ ಗಂಡನ ಹೆಸರು ಬರೆದಿದ್ದಳು. ಮೀಟರ್ ವಿಭಾಗದ ಅಮ್ಮಾವ್ರೂ ಹಾಗೇ. ಟ್ಯಾಂಕರ್ ಗುಮಾಸ್ತ ಹೆಂಡತಿಯ ಹೆಸರು ಬರೆದು, ‘ನಮ್ಮ ಮನೆಯಲ್ಲಿ ಯಜಮಾನಿಕೆ ಅವಳದೇ’ ಎಂದು ಪ್ರಾಮಾಣಿಕವಾಗಿ ಷರಾ ಹಾಕಿದ್ದ. ಟೈಪಿಸ್ಟ್ ಹುಡುಗಿ ‘ಇನ್ನೂ ಗೊತ್ತಾಗಿಲ್ಲ’ ಎಂದು ಬರೆದಿದ್ದಳು.

"ಅಯ್ಯೋ ನನ್ನ ಕರ್ಮವೇ!" ಎಂದು ಪಾಸ್‌ವರ್ಡಪ್ಪ ತಲೆ ಮೇಲೆ ಕೈಹೊತ್ತ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ದೂರು ವಿಭಾಗದ ಅಕ್ಕನ ಗಂಡ, ನಿವೃತ್ತ ಮೇಷ್ಟರು, ‘ನಿಮ್ಮ ಸೋರಿಕೆಯನ್ನು ಹದಿನಾಲ್ಕು ತಿಂಗಳಿಂದ ಯಾರೂ ವಿಚಾರಿಸಿಲ್ಲ’ ಎಂಬ ಸಂದೇಶ ಹಿಡಿದು ಬಂದಿದ್ದರು. "ಇದು ಡಾಕ್ಟರಿಗೂ ನನಗೂ ನಡುವಿನ ವಿಷಯ, ನಿಮಗೆ ಹೇಳಿದವರು ಯಾರು?" ಎಂದು ಕೋಲು ಕುಟ್ಟಿದರು. ಅವರ ಹಿಂದೆ ಟ್ಯಾಂಕರ್ ಗುಮಾಸ್ತನ ಹೆಂಡತಿ, ಅವರ ಹಿಂದೆ ಇನ್ನೂ ಏಳೆಂಟು ಗಂಡಂದಿರು. ಗದ್ದಲ ಕೇಳಿ ಹೆಂಗಸರೂ ತಮ್ಮ ತಮ್ಮ ಮೇಜು ಬಿಟ್ಟು ಓಡಿಬಂದರು.

"ರೀ, ಅಂಗಡಿ ಬಿಟ್ಟು ನೀವ್ಯಾಕ್ರೀ ಇಲ್ಲಿ?" ಎಂದರು ಸಂಪರ್ಕ ವಿಭಾಗದ ಮೇಡಂ. ಗಂಡನ ಕೈಯಿಂದ ಫೋನ್ ಕಿತ್ತು ಓದಿದರು. ಒಂದು ಕ್ಷಣ ಅವರ ಕಣ್ಣು ದೊಡ್ಡದಾಯಿತು. ಆಮೇಲೆ ನಕ್ಕರು ನೋಡಿ, ನಿಲ್ಲಿಸಲೇ ಆಗಲಿಲ್ಲ. "ಇದು ನನ್ನ ಪಟ್ಟಿ ಕಣ್ರೀ! ಕದ್ದು ಪೈಪ್ ಹಾಕಿಸ್ಕೊಂಡಿರೋರದ್ದು. ನಲವತ್ತೇಳಂತೆ! ನಿಮಗೆ ಒಂದು ಗುಂಡಿ ಹೊಲೆಯೋಕೇ ಪುರುಸೊತ್ತಿಲ್ಲ!"

ದರ್ಜಿಗೆ ಹೋದ ಜೀವ ಬಂದಂತಾಯಿತು. ಹತ್ತಿರವಿದ್ದ ಕುರ್ಚಿಯಲ್ಲಿ ಕುಸಿದು, ಪರದೆಯತ್ತ ನೋಡಿ, "ಓ, ಆ ಪಟ್ಟಿನಾ? ಅದರಲ್ಲಿ ಕೆಂಪು ಗುರುತು ಇರೋದೆಲ್ಲ ಮುಖ್ಯರಸ್ತೆ ಬೇಕರಿ ಹಿಂದಿನ ಮನೆಗಳಲ್ವಾ? ನೋಟಿಸ್ ಕೊಟ್ರೂ ಬಾಗಿಲು ತೆಗೆಯಲ್ಲ ಅಂತ ದಿನಾ ಬೈಕೊಳ್ತೀಯಲ್ಲ" ಎಂದ.

ಪಾಸ್‌ವರ್ಡಪ್ಪನ ಕಿವಿ ನೆಟ್ಟಗಾಯಿತು. ಆ ಕೆಂಪು ಗುರುತು ಏನೆಂದು ಅವನು ಎರಡು ವರ್ಷದಿಂದ ಕೇಳುತ್ತಿದ್ದ.

"ನಿಮಗೆ ಹೇಗೆ ಗೊತ್ತು?"

"ಹನ್ನೆರಡು ವರ್ಷದಿಂದ ರಾತ್ರಿ ಊಟಕ್ಕೆ ಕೂತ್ರೆ ನಮ್ಮನೇಲಿ ಇದೇ ಮಾತಲ್ವಾ ಸಾರ್!"

ಹೌದಲ್ಲ! ಕಚೇರಿಯಲ್ಲಿ ಯಾರೂ ಬರೆಯದ, ಯಾರೂ ಹೇಳದ ಸಂಗತಿಗಳೆಲ್ಲ ಸಂಜೆಯಾದರೆ ಮನೆಗೆ ಹೋಗಿ, ಗೊಣಗಾಟವಾಗಿ, ಈ ಗಂಡಂದಿರ ಕಿವಿಯಲ್ಲಿ ವರ್ಷಾನುಗಟ್ಟಲೆ ಜಮೆಯಾಗಿದ್ದವು. ಪಾಸ್‌ವರ್ಡಪ್ಪನಿಗೆ ಮೈ ಜುಮ್ಮೆಂದಿತು. ಗಡಿಯಾರ ನೋಡಿದ. ಎರಡೂ ಕಾಲು. ಹೆಸರುಗಳನ್ನೆಲ್ಲ ತಿದ್ದುತ್ತಾ ಕೂತರೆ ನಾಲ್ಕು ಗಂಟೆಗೆ ಖಾಲಿ ಪರದೆ. ಇವರಿಂದಲೇ ಬರೆಸಿದರೆ?

"ಯಜಮಾನರೇ, ಎಲ್ಲರೂ ದಯವಿಟ್ಟು ಕೂತ್ಕೊಳ್ಳಿ" ಎಂದ. ದೂರು ವಿಭಾಗದ ಅಕ್ಕನತ್ತ ತಿರುಗಿ, "ಅಕ್ಕಾ, ಎಲ್ಲರಿಗೂ ಚಹಾ ತರಿಸಿ" ಎಂದ.

ಮುಂದಿನ ಒಂದೂವರೆ ಗಂಟೆ ಆ ಕೋಣೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಾಣದಿದ್ದರೆ ನಂಬುವ ಹಾಗಿಲ್ಲ. ಗಂಡಂದಿರು ಹೇಳುತ್ತಾ ಹೋದರು, ಹೆಂಡತಿಯರು "ಅಯ್ಯೋ, ಅದು ಹಾಗಲ್ಲ ರೀ" ಎಂದು ತಿದ್ದುತ್ತಾ ಹೋದರು, ಪಾಸ್‌ವರ್ಡಪ್ಪ ಬೆರಳು ಸೋಲುವಂತೆ ಕುಟ್ಟುತ್ತಾ ಹೋದ. ನಿವೃತ್ತ ಮೇಷ್ಟರು ಮೂವತ್ತು ಪಟ್ಟಿಗಳಿಗೆ ವ್ಯಾಕರಣಶುದ್ಧವಾಗಿ ಉಕ್ತಲೇಖನ ಕೊಟ್ಟರು. ಆಮೇಲೆ ಮೀಟರ್ ಪಟ್ಟಿಯ ಹನ್ನೊಂದನೇ ಕಾಲಂ ಬಂತು. ಅದರಲ್ಲಿ ಕೆಲವು ಮನೆಗಳ ಮುಂದೆ ‘ಒಂದು’, ಉಳಿದವುಗಳ ಮುಂದೆ ‘ಸೊನ್ನೆ’. ಅದೇನೆಂದು ದೇವರಿಗೂ ಗೊತ್ತಿಲ್ಲ ಎಂದು ಇಲಾಖೆಯಲ್ಲಿ ಪ್ರತೀತಿ.

"ಅದಾ? ನಾಯಿ" ಎಂದರು ಮೀಟರ್ ಅಮ್ಮಾವ್ರ ಗಂಡ.

"ಏನಂದ್ರಿ?"

"ನಾಯಿ ಇರೋ ಮನೆ ಅಂದ್ರೆ ಒಂದು. ಇವಳಿಗೆ ಒಂದ್ಸಲ ಕಚ್ಚಿತ್ತು. ಆವತ್ತಿಂದ ಗುರುತು ಹಾಕ್ಕೊಳ್ತಾಳೆ."

ನಾಲ್ಕು ಗಂಟೆಗೆ ಸರಿಯಾಗಿ ಚೀಫ್ ಮೇಡಂ ಬಂದರು. ಕೈಯಲ್ಲಿ ವರ್ಗಾವಣೆಯ ಕಾಗದ, ಜೇಬಿನಿಂದ ತೆಗೆದು ಆಗಲೇ ಕ್ಯಾಪ್ ಬಿಚ್ಚಿದ ಪೆನ್ನು. ಪಾಸ್‌ವರ್ಡಪ್ಪನ ಕಣ್ಣು ಆ ಪೆನ್ನಿನ ಮೇಲೇ ನೆಟ್ಟಿತ್ತು.

ಮೇಡಂ ಪರದೆಯ ಮುಂದೆ ನಿಂತು ಐದು ನಿಮಿಷ ಒಂದೊಂದೇ ಚುಕ್ಕೆ ನೋಡಿದರು. ಆಮೇಲೆ ಬೆರಳಿಟ್ಟು ಒಂದು ಗೆರೆಯನ್ನು ಹಿಂಬಾಲಿಸಿದರು. "ಇದು ಹನ್ನೊಂದನೇ ಕಾಲಂ. ಇಲ್ಲಿಂದ ಹೊರಟು ಎಲ್ಲಿಗೆ ಹೋಗ್ತಿದೆ? ‘ಟ್ಯಾಂಕರ್ ಮೊದಲು ಕಳಿಸಬೇಕಾದ ಮನೆಗಳು’... ನಾವು ‘ಒಂದು’ ಅಂದ್ರೆ ವಯಸ್ಸಾದವರು ಇರೋ ಮನೆ ಅಂತ ಅಂದ್ಕೊಂಡಿದ್ವಿ." ಅವರ ದನಿ ಇಳಿಯಿತು. "ಅಂದ್ರೆ ನೀರು ಬರದಿದ್ದಾಗೆಲ್ಲ, ಐದು ವರ್ಷದಿಂದ, ನಾಯಿ ಇರೋ ಮನೆಗಳಿಗೆ ಮೊದಲು ಟ್ಯಾಂಕರ್ ಕಳಿಸ್ತಿದ್ದೀವಾ?"

ಮೀಟರ್ ಅಮ್ಮಾವ್ರು ಗಂಡನ ಬೆನ್ನ ಹಿಂದೆ ಸರಿದರು.

"ಅದ್ಭುತ ಕಣ್ರೀ" ಎಂದರು ಮೇಡಂ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ್ದವರೆಲ್ಲ ತಲೆ ಎತ್ತಿದರು. "ನಾನು ಇಪ್ಪತ್ತಾರು ವರ್ಷದ ಸರ್ವಿಸಲ್ಲಿ ಇಂಥದ್ದು ನೋಡಿಲ್ಲ. ನಾಳೆ ಬೆಳಿಗ್ಗೆಯೇ ಇದು ಸರಿಹೋಗುತ್ತೆ, ಎಷ್ಟು ಜನ ಮುದುಕರಿಗೆ ನೀರು ಸಿಗುತ್ತೆ ಗೊತ್ತಾ? ಒಬ್ಬೊಬ್ಬ ಯಜಮಾನರೂ ತಮ್ಮ ಪಟ್ಟಿ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ! ಇಷ್ಟೊಂದು ಪ್ರತಿಭಾವಂತರು ನಮ್ಮಲ್ಲಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ."

ದರ್ಜಿ ನಾಚಿಕೊಂಡು ಅಳತೆಪಟ್ಟಿಯನ್ನು ಜೇಬಿಗೆ ತುರುಕಿದ.

ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನು ಹಿಡಿದರು. "ಸಹಿಗೆ ಮುಂಚೆ ನೀವು ಹೋಗೋ ಶಾಖೆ ಒಂದ್ಸಲ ನೋಡ್ಬಿಡೋಣ. ಅಲ್ಲಿ ಎಲ್ಲಾ ಖಾಲಿ ಇರಬೇಕು." ಪರದೆಯಲ್ಲಿ ಶಾಖೆಯ ಹೆಸರನ್ನು ಒತ್ತಿದರು. ಆ ಶಾಖೆಯ ಮೂವತ್ತೆಂಟು ಪಟ್ಟಿಗಳು ಪರದೆಯ ಮೇಲೆ ಬಂದವು. ಮೂವತ್ತೆಂಟೂ ಹಸಿರು. ಪ್ರತಿಯೊಂದು ಕಾಲಂಗೂ ಮುತ್ತು ಪೋಣಿಸಿದಂಥ ವಿವರಣೆ. ಯಜಮಾನರ ಹೆಸರು ಮೂವತ್ತೆಂಟಕ್ಕೂ ಒಂದೇ.

"ಅರೆ! ಇದು ನಿಮ್ಮ ಹೆಸರಲ್ವೇನ್ರೀ!"

ಪಾಸ್‌ವರ್ಡಪ್ಪ ನೋಡಿದ. ಅವನದೇ ಹೆಸರು, ಇನಿಷಿಯಲ್ ಸಮೇತ.

"ಇಲ್ಲಿ ಕೂತ್ಕೊಂಡೇ ಅಲ್ಲಿಯದನ್ನೂ ಇಷ್ಟು ಚೆನ್ನಾಗಿ ನೋಡ್ಕೊಳ್ತಿದ್ದೀರಾ! ಹಾಗಿದ್ಮೇಲೆ ಅಲ್ಲಿಗೆ ಹೋಗೋ ಅಗತ್ಯವೇನಿದೆ?" ಎಂದು ಮೇಡಂ ಪೆನ್ನಿನ ಕ್ಯಾಪ್ ಹಾಕಿದರು.

ಟಕ್ ಎಂಬ ಆ ಸದ್ದಿಗೆ ಪಾಸ್‌ವರ್ಡಪ್ಪನ ಜೀವ ಬಾಯಿಗೆ ಬಂತು. ನಿಜ ಹೇಳಿದರೆ ಈ ಯಜಮಾನರುಗಳ ವೈಭವವೆಲ್ಲ ನೀರುಪಾಲು. ಹೇಳದಿದ್ದರೆ ವರ್ಗಾವಣೆ ನೀರುಪಾಲು. ಸುತ್ತ ನಿಂತಿದ್ದವರೆಲ್ಲ ಕಣ್ಣಲ್ಲೇ ‘ಬೇಡಪ್ಪಾ’ ಎನ್ನುತ್ತಿದ್ದರು. ಆದರೆ ಅವನಿಗೆ ಮಗಳು ನೆನಪಾದಳು.

"ಮೇಡಂ, ಕ್ಷಮಿಸಬೇಕು. ಯಜಮಾನರು ಅಂದ್ರೆ... ಎಲ್ಲರೂ ಗಂಡ ಅಂತ ತಿಳ್ಕೊಂಡಿದ್ದಾರೆ."

ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಮೇಡಂ ಒಮ್ಮೆ ದರ್ಜಿಯನ್ನು ನೋಡಿದರು, ಒಮ್ಮೆ ಮೇಷ್ಟರ ಕೋಲನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

"ಹಾಗಾದ್ರೆ ಆ ಮೂವತ್ತೆಂಟು ಪಟ್ಟಿ ನಿಮ್ಮದಲ್ಲ?"

"ಅಲ್ಲವೇ ಅಲ್ಲ ಮೇಡಂ! ಅಲ್ಲಿ ನನ್ನ ಹೆಂಡ್ತಿ ಇದ್ದಾಳೆ. ಅವಳು ಬರೆದದ್ದು." ಪಾಸ್‌ವರ್ಡಪ್ಪನಿಗೆ ಮತ್ತೆ ಆಸೆ ಚಿಗುರಿತು.

"ಎಲ್ಲಾ ಅವರೇ ಬರೆದದ್ದಾ? ಯಾರ ಸಹಾಯವೂ ಇಲ್ಲದೆ?"

"ಅವಳೊಬ್ಬಳೇ ಮೇಡಂ."

ಮೇಡಂ ಮತ್ತೆ ಪರದೆಯನ್ನು ನೋಡಿದರು. ಒಂದೆರಡು ವಿವರಣೆಗಳನ್ನು ಮೆಲ್ಲಗೆ ಓದಿಕೊಂಡರು. ಅವರ ಮುಖದಲ್ಲಿ ನಗು ಹೋಗಿ ನಿಜವಾದ ಬೆರಗು ಬಂತು.

"ನಿಮಗಿಂತ ಚೆನ್ನಾಗಿ ಬರೆದಿದ್ದಾರೆ ಕಣ್ರೀ. ಮತ್ತೆ ಅಲ್ಲಿ ಪಟ್ಟಿ ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ನನಗೆ ಹೇಳಿದ್ದು ಯಾರು? ಇಷ್ಟು ಒಳ್ಳೆಯವರು ಅಲ್ಲೇ ಇದ್ದಾರಲ್ಲ! ಇವತ್ತಿಂದ ಆ ಕೆಲಸ ಅವರಿಗೇ." ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. "ನೀವು ಇಲ್ಲೇ ಇದ್ದು ಈ ಹೆಸರುಗಳನ್ನೆಲ್ಲ ಸರಿಮಾಡಿ. ಇದನ್ನ ಎಬ್ಬಿಸಿದವರು ನೀವು, ನಿಮ್ಮನ್ನ ಎಲ್ಲಿಗೂ ಬಿಡೋ ಹಾಗಿಲ್ಲ."

ಮೇಡಂ ಹೋದ ಮೇಲೆ ಕೋಣೆ ಮೆಲ್ಲಗೆ ಖಾಲಿಯಾಯಿತು. ದರ್ಜಿ ಹೊರಡುವ ಮುಂಚೆ ಅವನ ಭುಜ ತಟ್ಟಿ, "ಒಂದು ಶರಟು ಹೊಲಿದುಕೊಡ್ತೀನಿ ಸಾರ್" ಎಂದ. ಐದು ಹಸಿರು ಚುಕ್ಕೆಗಳು ಏನೂ ಆಗಿಲ್ಲವೆಂಬಂತೆ ಉರಿಯುತ್ತಿದ್ದವು.

ಫೋನ್ ರಿಂಗಾಯಿತು. ಹೆಂಡತಿ.

"ಸಹಿ ಆಯ್ತಾ?" ಅವಳು ಒಂದೇ ಉಸಿರಿನಲ್ಲಿ ಕೇಳಿದಳು. "ನನ್ನ ಪಟ್ಟಿಗಳು ಬಂದ್ವಾ? ಮಧ್ಯಾಹ್ನ ಊಟಕ್ಕೂ ಏಳದೆ ಬರೆದೆ ಗೊತ್ತಾ, ಮೂವತ್ತೆಂಟಕ್ಕೂ! ನಿಮ್ಮ ಕ್ಯಾಟಲಾಗು ಚೆನ್ನಾಗಿ ಕಾಣಿಸಲಿ, ಬೇಗ ಕಳಿಸಿಕೊಡಲಿ ಅಂತ. ಯಜಮಾನರ ಹೆಸರು ಕೇಳಿದ್ರಿ, ಒಂದೊಂದಕ್ಕೂ ನಿಮ್ಮ ಹೆಸರು ಬರೀವಾಗ ಎಷ್ಟು ಖುಷಿಯಾಯ್ತು ಅಂತೀರಿ. ಮೇಡಂ ನೋಡಿದ್ರಾ?"

ಪಾಸ್‌ವರ್ಡಪ್ಪ ಪರದೆಯ ಮೇಲಿನ ತನ್ನ ಹೆಸರನ್ನು ನೋಡಿದ. ಬೈಯಲು ಬಾಯಿ ಬರಲಿಲ್ಲ.

"ನೋಡಿದ್ರು" ಎಂದ. "ನಿನ್ನ ಪಟ್ಟಿಗಳನ್ನೇ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡ್ರು. ಅವರ ಮನಸ್ಸು ಬದಲಾಗಿದ್ದೇ ಅದರಿಂದ."

"ನಿಜವಾಗ್ಲೂ?" ಅವಳು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಆಮೇಲೆ ಫೋನ್ ಕೈ ಬದಲಾಯಿಸಿತು.

"ಅಪ್ಪಾ, ಮನೆಗೆ ಯಾವಾಗ ಬರ್ತೀಯ?"

"ಶನಿವಾರ ಪುಟ್ಟಿ."

"ಶನಿವಾರ ಯಾವಾಗ್ಲೂ ಬರ್ತೀಯಲ್ಲಪ್ಪಾ" ಎಂದಿತು ಮಗು.